ಬಾಯ್ಲರ್ ಸುಸ್ತಾದಾಗ ಕೈಹಿಡಿಯುವ ಬಿಸಿನೀರು: ಹಬೆ ಸಂಗ್ರಹ ಬಂದ ದಾರಿ

ಬಟ್ಟೆಗೆ ಬಣ್ಣ ಹಾಕುವ ಯಂತ್ರವಾಗಲಿ, ಒತ್ತಡದ ಹಬೆಯಿಂದ ಕಾಯಿಸುವ ಮುಚ್ಚಿದ ಪಾತ್ರೆಯಾದ ಆಟೋಕ್ಲೇವ್ ಆಗಲಿ, ಹಬೆಯನ್ನು ಒಂದೇ ಸಮನೆ ಕೇಳುವುದಿಲ್ಲ. ಒಂದು ಕಾರ್ಖಾನೆ ಕಾಲು ಗಂಟೆ ಕಾಲ ಗಂಟೆಗೆ 10 ಟನ್ ವೇಗದಲ್ಲಿ ಎಳೆದು, ನಂತರದ ಒಂದು ಗಂಟೆ 2 ಟನ್ನಿಗೆ ಇಳಿಯುತ್ತದೆ ಎನ್ನೋಣ. ಸರಾಸರಿ 3.6 ಟನ್ ಮಾತ್ರ. 10 ಟನ್ನಿನ ಬಾಯ್ಲರ್ ಕೊಂಡರೆ ಬಹುಹೊತ್ತು ಅರೆಕೆಲಸ; 4 ಟನ್ನಿನದು ಕೊಂಡರೆ ಎಳೆತದ ಹೊತ್ತಿಗೆ ಒತ್ತಡ ಕುಸಿದು, ಹಬೆಯ ಜೊತೆ ನೀರೂ ಪೈಪಿಗೆ ನುಗ್ಗುತ್ತದೆ. ಎರಡರ ನಡುವೆ ಬೇಕಾದದ್ದು 1.6 ಟನ್ ಹಬೆಯ ದಾಸ್ತಾನು.

ಹಿಂದೆ ಈ ದಾಸ್ತಾನು ಬಾಯ್ಲರಿನ ಹೊಟ್ಟೆಯಲ್ಲೇ ಇತ್ತು. 1844ರಲ್ಲಿ ಪೇಟೆಂಟ್ ಆದ ಲ್ಯಾಂಕಾಶೈರ್ ಬಾಯ್ಲರ್ ಅಪಾರ ನೀರು ಹಿಡಿಯುತ್ತಿದ್ದರಿಂದ ಅಲ್ಪಸ್ವಲ್ಪ ಏರಿಳಿತವನ್ನು ತಾನೇ ನುಂಗಿಕೊಳ್ಳುತ್ತಿತ್ತು. ನೀರು ಕಡಿಮೆ ಹಿಡಿಯುವ ವಾಟರ್‌ಟ್ಯೂಬ್ ಬಾಯ್ಲರ್‌ಗಳು ಬಂದಾಗ ಒತ್ತಡ, ದಕ್ಷತೆ ಏರಿದವು, ಈ ಗುಣ ಹೋಯಿತು. ಕಲ್ಲಿದ್ದಲ ಬೆಂಕಿಯೋ, ಹೇಳಿದ ತಕ್ಷಣ ಏರುವುದಲ್ಲ, ಇಳಿಯುವುದೂ ಅಲ್ಲ.

1900ರ ಆಸುಪಾಸಿನಲ್ಲಿ ಫ್ರಾನ್ಸಿನ ಆಗ್ಯುಸ್ತ್ ರಾತೋ, ಗಣಿಯ ಎತ್ತುಯಂತ್ರಗಳು ಬಿಟ್ಟುಬಿಟ್ಟು ಉಗುಳುವ ಹಬೆಯನ್ನು ನೀರಿನಲ್ಲಿ ಹಿಡಿದು ಟರ್ಬೈನ್‌ಗೆ ಸಮನಾಗಿ ಕೊಟ್ಟರು. ಮುಂದಿನ ದಶಕದಲ್ಲಿ ಸ್ವೀಡನ್ನಿನ ಯೊಹಾನೆಸ್ ರೂತ್ಸ್, ಹಬೆಯನ್ನು ಹೀರಿಕೊಳ್ಳುವ ಬಿಸಿನೀರಿನ ಮುಚ್ಚಿದ ಪಾತ್ರೆಯ ಒತ್ತಡ ಧಾರಾಳವಾಗಿ ಏರಿಳಿಯಲು ಬಿಟ್ಟು ವಾಲ್ವ್‌ಗಳಿಂದ ಅದನ್ನು ಪಳಗಿಸಿದರು. ಬರ್ಲಿನ್ನಿನ ಶಾರ್ಲಾಟನ್‌ಬರ್ಗ್ ವಿದ್ಯುತ್ ಕೇಂದ್ರದಲ್ಲಿ 1929ರಲ್ಲಿ 16 ಪಾತ್ರೆಗಳು ನಿಂತವು. ಅವುಗಳ ಹಬೆಯಿಂದ ಸುಮಾರು 50 ಮೆಗಾವ್ಯಾಟ್ ವಿದ್ಯುತ್ ತೆಗೆಯಬಹುದಿತ್ತು.

ಹಬೆಯನ್ನು ಹಬೆಯಾಗಿಯೇ ತುಂಬಿಡುವುದು ದಂಡ. 50 ಘನ ಮೀಟರ್ ಪಾತ್ರೆಯ ಒತ್ತಡ 10 ಬಾರ್‌ನಿಂದ 5 ಬಾರ್‌ಗೆ (ಒಂದು ಬಾರ್ ಸುಮಾರು ವಾತಾವರಣದ ಒತ್ತಡದಷ್ಟು; ಎರಡೂ ನಿರಪೇಕ್ಷ, ಅಂದರೆ ಶೂನ್ಯದಿಂದ ಎಣಿಸಿದ ಒತ್ತಡ) ಇಳಿದರೆ ಸಿಗುವುದು ಸುಮಾರು 125 ಕಿಲೋ. ಅದೇ ಪಾತ್ರೆಯ ಶೇ. 90 ಭಾಗ 180 ಡಿಗ್ರಿಯ ನೀರಿದ್ದರೆ, ಒತ್ತಡ ಇಳಿದಂತೆ ನೀರು ತಾನಾಗಿ ಕುದಿದು 152 ಡಿಗ್ರಿಗೆ ತಣಿಯುತ್ತದೆ. ಟನ್ನಿಗೆ ಸುಮಾರು 58 ಕಿಲೋ ಹಬೆ, ಒಟ್ಟು 2.3 ಟನ್. ಮೇಲಿನ ಕಾರ್ಖಾನೆಗೆ ಧಾರಾಳ ಸಾಕು. ಆದರೆ ಬಾಯ್ಲರ್ 10 ಬಾರ್‌ಗೂ ಮೇಲೆ ಓಡಬೇಕು, ಯಂತ್ರಗಳು 5 ಬಾರ್‌ಗಿಂತ ಕೆಳಗೆ ಕೆಲಸ ಮಾಡಬೇಕು. ಈ ಅಂತರ ಇಲ್ಲದ ಕಡೆ ಪಾತ್ರೆ ಕೂರಿಸುವುದು ದುಡ್ಡು ಸುರಿದಂತೆ.

ಕೆಡುವುದು ಹೆಚ್ಚಾಗಿ ಜೋಡಣೆಯಲ್ಲಿ. ಹಬೆ ಒಳಬರುವ ನಳಿಗೆಗಳು ನೀರಿನ ತಳದಲ್ಲಿರುವುದರಿಂದ ಅಲ್ಲಿ ಒಂದೇ ದಿಕ್ಕಿಗೆ ಬಿಡುವ ನಾನ್‌ರಿಟರ್ನ್ ವಾಲ್ವ್ ಇಲ್ಲದಿದ್ದರೆ, ಬಾಯ್ಲರ್ ಒತ್ತಡ ಇಳಿದಾಗ ಬಿಸಿನೀರು ಮುಖ್ಯ ಪೈಪಿಗೆ ಹಿಮ್ಮುಖ ನುಗ್ಗಿ ವಾಟರ್ ಹ್ಯಾಮರ್, ಅಂದರೆ ಪೈಪಿಗೆ ನೀರಿನ ಸುತ್ತಿಗೆ ಪೆಟ್ಟು, ಆಗುತ್ತದೆ. ನೀರಿನ ಮೇಲ್ಮೈ ಕಿರಿದಾದರೆ ಹೊರಹೋಗುವ ಹಬೆ ಹನಿಗಳನ್ನು ಎಳೆದೊಯ್ಯುತ್ತದೆ; ಪಾತ್ರೆಯನ್ನು ಸಾಮಾನ್ಯವಾಗಿ ಮಲಗಿಸಿಡುವುದು ಇದಕ್ಕೇ. ಶಾಖನಷ್ಟದಿಂದ ಹಬೆ ದ್ರವವಾಗಿ ಮಟ್ಟ ನಿಧಾನವಾಗಿ ಏರುತ್ತದೆ, ಹೆಚ್ಚಾದದ್ದನ್ನು ಹಬೆ ತಡೆದು ನೀರನ್ನಷ್ಟೇ ಬಿಡುವ ಟ್ರ್ಯಾಪ್ ಮೂಲಕ ಬಿಡಬೇಕು. ಸೂಪರ್‌ಹೀಟ್ ಆದ, ಅಂದರೆ ಕುದಿಬಿಂದುವಿಗಿಂತ ಹೆಚ್ಚು ಕಾಯಿಸಿದ, ಹಬೆ ತುಂಬಿದರೆ ಉಲ್ಟಾ: ಮಟ್ಟ ಇಳಿಯುತ್ತದೆ, ನೀರು ಸೇರಿಸಬೇಕು. ದಿನಕ್ಕೆ ಹತ್ತಾರು ಬಾರಿ ಒತ್ತಡ ಏರಿಳಿಯುವುದರಿಂದ ವೆಲ್ಡ್‌ಗಳಲ್ಲಿ ಬಿರುಕು ಹುಡುಕುವುದನ್ನು ತಪಾಸಣೆಯಲ್ಲಿ ಬಿಡುವಂತಿಲ್ಲ.

ತೈಲ, ಅನಿಲದ ಬರ್ನರ್‌ಗಳು ಬಂದ ಮೇಲೆ ಬೆಂಕಿಯೇ ಚುರುಕಾಯಿತು, ಅನೇಕರು ಈ ಪಾತ್ರೆಗಳನ್ನು ಮರೆತರು. ಈಗ ಶಾಖದ ಮೂಲವೇ ಏರಿಳಿಯತೊಡಗಿದೆ. 2007ರಲ್ಲಿ ಸ್ಪೇನ್‌ನ ಸೆವಿಲ್ಲೆ ಬಳಿ ಶುರುವಾದ ಪಿಎಸ್10 ಸೌರ ಗೋಪುರ ಮೋಡದ ಹೊತ್ತಿಗೆಂದು ಇದೇ ಬಗೆಯ ಪಾತ್ರೆಗಳನ್ನು ಇಟ್ಟುಕೊಂಡಿತು. ಅವು ಆಸರೆ ಕೊಡುವುದು ಅರ್ಧ ಲೋಡ್‌ನಲ್ಲಿ ಒಂದು ಗಂಟೆಯೊಳಗೆ. ರಾತ್ರಿಯಿಡೀ ಬೇಕಾದರೆ ದಪ್ಪ ಉಕ್ಕಿನ ಪಾತ್ರೆ ಕೈಗೆಟುಕುವುದಿಲ್ಲ.

ಅಲ್ಲಿಗೆ ಇಟ್ಟಿಗೆ ಬರುತ್ತದೆ. ಇದೂ ಹಳೆಯದೇ, ಇಂಗ್ಲೆಂಡಿನ ಎಂಜಿನಿಯರ್ ಕೌಪರ್ 1857ರಲ್ಲಿ ಕಬ್ಬಿಣ ತೆಗೆಯುವ ಊದುಕುಲುಮೆಯ ಗಾಳಿ ಕಾಯಿಸಲು ಪೇಟೆಂಟ್ ಪಡೆದ ತತ್ವ. ವಿದ್ಯುತ್ತಿನಿಂದ 1000 ಡಿಗ್ರಿಗೆ ಕಾಯಿಸಿದ ಒಂದು ಟನ್ ಇಟ್ಟಿಗೆ 200ಕ್ಕೆ ತಣಿಯುವಾಗ 300 ಕಿಲೋಗೂ ಹೆಚ್ಚು ಹಬೆಗೆ ಸಾಕಾಗುವಷ್ಟು ಶಾಖ ಕೊಡುತ್ತದೆ. ಆದರೆ ಹಬೆಯ ಶಾಖದ ದೊಡ್ಡ ಪಾಲು ಕುದಿಯುವಿಕೆಗೇ ಬೇಕು, 10 ಬಾರ್‌ನಲ್ಲಿ ಅದು 180 ಡಿಗ್ರಿಯಲ್ಲೇ ನಡೆಯಬೇಕು. ಅದಕ್ಕಿಂತ ಕೆಳಗಿಳಿದ ಇಟ್ಟಿಗೆ ಫೀಡ್‌ವಾಟರ್ (ಬಾಯ್ಲರಿಗೆ ಹೋಗುವ ನೀರು) ಬೆಚ್ಚಗೆ ಮಾಡಲಷ್ಟೇ ಆದೀತು. ಅಲ್ಲದೆ ಇಟ್ಟಿಗೆಯಿಂದ ಬಿಸಿಗಾಳಿ, ಗಾಳಿಯಿಂದ ಬಾಯ್ಲರ್ ಎಂಬ ಸರಪಳಿಯಲ್ಲಿ ಹೊರಬರುವ ಹಬೆಯ ವೇಗಕ್ಕೆ ಆ ಬಾಯ್ಲರೇ ಮಿತಿ. ಹಾಗಾಗಿ ರಾತ್ರಿಯ ಕೊರತೆಯನ್ನು ಇಟ್ಟಿಗೆ ತುಂಬಿದರೂ, ಕಾಲು ಗಂಟೆಯ, ಗಂಟೆಗೆ 10 ಟನ್ ವೇಗದ ಎಳೆತಕ್ಕೆ ಅದರ ಮುಂದೆ ರೂತ್ಸ್ ಪಾತ್ರೆಯೊಂದು ಬೇಕೇ ಆಗುತ್ತದೆ.