ಮೊಬೈಲಿನಲ್ಲಿ ನೆಟ್ಟಗಿದ್ದ ಅಂಕಪಟ್ಟಿ ಅರ್ಜಿಯಲ್ಲಿ ಅಡ್ಡ ಮಲಗಿದ್ದೇಕೆ?

ಪ್ರಶ್ನೆ: ಮಗಳ ವಿದ್ಯಾರ್ಥಿವೇತನದ ಅರ್ಜಿಗೆಂದು ಅಂಕಪಟ್ಟಿಯ ಫೋಟೋ ತೆಗೆದೆ. ಮೊಬೈಲಿನಲ್ಲಿ ನೆಟ್ಟಗೇ ಕಾಣುತ್ತದೆ, ಅರ್ಜಿಗೆ ಸೇರಿಸಿದ ಕೂಡಲೇ ಅಡ್ಡವಾಗುತ್ತದೆ. ಗ್ಯಾಲರಿಯಲ್ಲಿ ಎಷ್ಟು ತಿರುಗಿಸಿದರೂ ಅದೇ ಕಥೆ. ಆನ್‌ಲೈನಿನಲ್ಲೇ ತಿರುಗಿಸಿಕೊಡುವ ತಾಣಗಳಿವೆಯಂತೆ. ಬಳಸಬಹುದೇ?

ಉತ್ತರ: ಬಳಸಬಹುದು. ಆದರೆ ಫೋಟೋದೊಳಗೆ ಏನು ನಡೆದಿದೆ ಎಂದು ಗೊತ್ತಾದರೆ ಆ ತಾಣಗಳ ಹಂಗೇ ಬೇಕಾಗದಿರಬಹುದು.

ಮೊಬೈಲನ್ನು ನೀವು ಹೇಗೆ ಹಿಡಿದರೂ ಕ್ಯಾಮೆರಾ ಸಾಮಾನ್ಯವಾಗಿ ಚಿತ್ರವನ್ನು ತನ್ನ ಸೆನ್ಸರ್ ಇರುವಂತೆ ಅಡ್ಡಡ್ಡವಾಗಿಯೇ ಬರೆದುಕೊಳ್ಳುತ್ತದೆ. ಬರೆದು, ‘ತೋರಿಸುವಾಗ ಇಷ್ಟು ತಿರುಗಿಸಿ’ ಎಂಬ ಚೀಟಿಯೊಂದನ್ನು ಫೈಲಿಗೆ ಅಂಟಿಸುತ್ತದೆ. ಎಕ್ಸಿಫ್ ಎಂಬ ಈ ಚೀಟಿಯಲ್ಲಿ ದಿಕ್ಕಿಗೆಂದು 1ರಿಂದ 8ರವರೆಗೆ ಅಂಕಿಗಳಿವೆ. 1 ಎಂದರೆ ಇದ್ದಂತೆಯೇ ಇರಲಿ. 3 ಎಂದರೆ ತಲೆಕೆಳಗು ಮಾಡಿ. 6 ಎಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ 90 ಡಿಗ್ರಿ, 8 ಎಂದರೆ ಅದಕ್ಕೆ ವಿರುದ್ಧವಾಗಿ ಅಷ್ಟೇ. ಉಳಿದ ನಾಲ್ಕು ಕನ್ನಡಿಯಲ್ಲಿ ಕಂಡಂತೆ ಮಗುಚುವವು, ನಮಗೆ ಬೇಡ. ಗ್ಯಾಲರಿ ಈ ಚೀಟಿಯನ್ನು ಓದುತ್ತದೆ. ಕ್ರೋಮ್ ಕೂಡ 2020ರಿಂದ ತಾನಾಗಿಯೇ ಓದುತ್ತಿದೆ. ಆದರೆ ಅರ್ಜಿ ಪಡೆಯುವ ಎಷ್ಟೋ ತಾಣಗಳು ಫೋಟೋವನ್ನು ಕುಗ್ಗಿಸುವಾಗ ಚೀಟಿಯನ್ನು ಕಿತ್ತೆಸೆಯುತ್ತವೆ. ಕೆಲವು ಗ್ಯಾಲರಿಗಳು ತಿರುಗಿಸಿದಂತೆ ಮಾಡಿ ಚೀಟಿಯ ಅಂಕಿಯನ್ನಷ್ಟೇ ಬದಲಿಸುತ್ತವೆ. ನಿಮ್ಮ ಶ್ರಮ ನೀರಿನಲ್ಲಿ ಹೋಮವಾದದ್ದು ಬಹುಶಃ ಹೀಗೆ.

ಕಾಗದವನ್ನು ಮೇಜಿನ ಮೇಲಿಟ್ಟು ನೇರ ಮೇಲಿನಿಂದ ಫೋಟೋ ತೆಗೆಯುವವರಿಗೆ ಇನ್ನೊಂದು ಕಾಟವಿದೆ. ಮೇಲೆ ಯಾವುದು, ಕೆಳಗೆ ಯಾವುದು ಎಂಬುದನ್ನು ಮೊಬೈಲ್ ಭೂಮಿಯ ಸೆಳೆತದಿಂದ ತಿಳಿಯುತ್ತದೆ. ನೆಲಕ್ಕೆ ಸಮನಾಗಿ ಮಲಗಿಸಿ ಹಿಡಿದಾಗ ಆ ಸುಳಿವೇ ಸಿಗದೆ, ಅದು ಅಂದಾಜಿನಲ್ಲಿ ಅಂಕಿ ಬರೆದುಬಿಡುತ್ತದೆ. ತುಸು ಓರೆಯಾಗಿ ಹಿಡಿದರೆ ಸಾಕು.

ಈಗ ನಿಮ್ಮ ಕೈಯಲ್ಲಿರುವ ಫೋಟೋಗೆ ಸುಲಭದ ಮದ್ದು: ಗ್ಯಾಲರಿಯಲ್ಲಿ ಅಂಚಿನಿಂದ ಕೂದಲೆಳೆಯಷ್ಟು ಕತ್ತರಿಸಿ ಉಳಿಸಿ. ಕತ್ತರಿಸಿದಾಗ ಸಾಮಾನ್ಯವಾಗಿ ಇಡೀ ಚಿತ್ರವನ್ನೇ ಹೊಸದಾಗಿ ಬರೆಯಬೇಕಾಗುವುದರಿಂದ ತಿರುಗಿದ್ದು ನಿಜವಾಗಿಯೂ ತಿರುಗುತ್ತದೆ. ಜೆಪೆಗ್ (.jpg) ಫೋಟೋ ಹೀಗೆ ಬರೆದಾಗಲೆಲ್ಲ ಸ್ವಲ್ಪ ಸವೆಯುತ್ತದೆ. ಆದ್ದರಿಂದ ತಿದ್ದಿದ್ದನ್ನೇ ಮತ್ತೆ ಮತ್ತೆ ತಿದ್ದದೆ ಮೂಲ ಫೋಟೋದಿಂದ ಒಮ್ಮೆಗೇ ಮುಗಿಸಿ.

ಇನ್ನು ಆನ್‌ಲೈನ್ ತಾಣಗಳು. ಇವುಗಳಲ್ಲಿ ಎರಡು ಜಾತಿ. ಗೂಗಲ್‌ನ ಸ್ಕ್ವೂಶ್‌ನಂಥವು ಕೆಲಸವನ್ನೆಲ್ಲ ನಿಮ್ಮ ಬ್ರೌಸರಿನೊಳಗೇ ಮಾಡುತ್ತವೆ. ಮತ್ತೆ ಕೆಲವು ಫೈಲನ್ನು ತಮ್ಮ ಸರ್ವರಿಗೆ ತರಿಸಿಕೊಂಡು ತಿರುಗಿಸಿ ಕಳಿಸುತ್ತವೆ. ನಾನು ಪರೀಕ್ಷಿಸುವುದು ಹೀಗೆ: ಪುಟ ಪೂರ್ತಿ ತೆರೆದ ಮೇಲೆ ಇಂಟರ್ನೆಟ್ ಬಂದ್ ಮಾಡಿ, ಆಮೇಲೆ ಊಟದ ತಟ್ಟೆಯದ್ದೋ ಬೆಕ್ಕಿನದ್ದೋ ಫೋಟೋ ಆರಿಸುತ್ತೇನೆ. ಆಗಲೂ ತಿರುಗಿ ಡೌನ್‌ಲೋಡ್ ಆದರೆ ಕೆಲಸ ಇಲ್ಲೇ ನಡೆದಿದೆ. ಸುಮ್ಮನೆ ಚಕ್ರ ಸುತ್ತುತ್ತಿದ್ದರೆ ಅಂಥಲ್ಲಿಗೆ ಆಧಾರ್, ಪಾಸ್‌ಬುಕ್ ಹಾಕುವುದಿಲ್ಲ.

ಪಿಡಿಎಫ್ ಆದರೆ ಲೆಕ್ಕವೇ ಬೇರೆ. ಅಲ್ಲಿ ಪುಟಪುಟಕ್ಕೂ 0, 90, 180, 270 ಎಂಬ ತಿರುವಿನ ಸೂಚನೆ ಇರುತ್ತದೆ. ಅದನ್ನು ಬದಲಿಸಿದರೆ ಅಕ್ಷರಗಳು ಒಂದಿಷ್ಟೂ ಮಸುಕಾಗುವುದಿಲ್ಲ. ಕ್ರೋಮ್‌ನಲ್ಲಿ ಪಿಡಿಎಫ್ ತೆರೆದಾಗ ಕಾಣುವ ತಿರುಗಿಸುವ ಗುಂಡಿಯನ್ನು ಮಾತ್ರ ನಂಬಬೇಡಿ, ಅದು ನಿಮ್ಮ ಪರದೆಯ ಮೇಲಿನ ನೋಟಕ್ಕಷ್ಟೇ.

ಇ-ಆಧಾರ್, ಸರ್ಕಾರದ ‘ಭೂಮಿ’ ತಾಣದಿಂದ ಪಡೆದ ಪಹಣಿಯಂಥ ಡಿಜಿಟಲ್ ಸಹಿಯ ಪಿಡಿಎಫ್‌ಗಳನ್ನಂತೂ ಮುಟ್ಟಲೇಬೇಡಿ. ತಿರುಗಿಸಿಕೊಡುವ ತಾಣಗಳಲ್ಲಿ ತಿರುಗಿಸಿ ಉಳಿಸಿದರೆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ಅವು ಅಡ್ಡವಿದ್ದರೆ ಅಡ್ಡವೇ ಹೋಗಲಿ. ನೋಡುವವರು ತಿರುಗಿಸಿ ನೋಡಿಕೊಳ್ಳುತ್ತಾರೆ.