ಗ್ರಹವನ್ನು ನೀರಿಗೆ ಹಾಕಿದರೆ ತೇಲುತ್ತದೆಯೇ?

ಓದುಗರ ಪ್ರಶ್ನೆ: ಬೇರೊಂದು ನಕ್ಷತ್ರವನ್ನು ಸುತ್ತುವ ವಾಸ್ಪ್-193ಬಿ ಎಂಬ ಗ್ರಹ ಬೊಂಬಾಯಿ ಮಿಠಾಯಿಯಷ್ಟು ಹಗುರವಂತೆ. ಹಾಗಾದರೆ ಅದು ನೀರಿನಲ್ಲಿ ತೇಲುತ್ತದೆಯೇ? ಅಷ್ಟು ಹಗುರವಾದದ್ದು ಚದುರಿಹೋಗದೆ ಹೇಗೆ ಉಳಿದಿದೆ?

ಉತ್ತರ: ತೇಲುವುದಿಲ್ಲ. ಶನಿಗ್ರಹದ ವಿಷಯದಲ್ಲಿ ಇದನ್ನು ಎಷ್ಟೋ ಸಲ ಹೇಳಿಯಾಗಿದೆ. ಈಗ ಗ್ರಹದ ಹೆಸರು ಬದಲಾಗಿದೆ, ಪ್ರಶ್ನೆ ಮಾತ್ರ ಅದೇ ಇದೆ. ಆದ್ದರಿಂದ ಈ ಬಾರಿ ತುಸು ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

2024ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ವಾಸ್ಪ್-193ಬಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.059 ಗ್ರಾಂ. ನೀರಿನದು 1, ಶನಿಯದು 0.69. ಆದರೆ ಇದು ಸರಾಸರಿ, ಅಂದರೆ ಒಟ್ಟು ದ್ರವ್ಯರಾಶಿಯನ್ನು ಒಟ್ಟು ಗಾತ್ರದಿಂದ ಭಾಗಿಸಿ ಪಡೆದ ಸಂಖ್ಯೆ. ಗ್ರಹದ ಹೊರಪದರ ನಾವು ಉಸಿರಾಡುವ ಗಾಳಿಗಿಂತಲೂ ತೆಳುವಾಗಿರುತ್ತದೆ. ಒಳಗೆ ಹೋದಂತೆಲ್ಲ ಮೇಲಿನ ಪದರಗಳ ಭಾರಕ್ಕೆ ಅನಿಲ ಒತ್ತೊತ್ತಾಗುತ್ತದೆ. ಶನಿಯ ಒಳಭಾಗದಲ್ಲಂತೂ ಹೈಡ್ರೋಜನ್ ಲೋಹದಂತೆ ವರ್ತಿಸುವಷ್ಟು ಒತ್ತಡವಿದ್ದು, ಅಲ್ಲಿನ ವಸ್ತು ನೀರಿಗಿಂತ ಸಾಂದ್ರವಾಗಿದೆ. ಮಿಠಾಯಿಯ ಉಂಡೆಯಂತೆ ಎಲ್ಲೆಡೆಯೂ ಒಂದೇ ಸಮ ಇರುವ ಗ್ರಹವೆಂಬುದು ಇಲ್ಲವೇ ಇಲ್ಲ.

ಇನ್ನು ಸಾಕಷ್ಟು ದೊಡ್ಡ ನೀರಿನ ತೊಟ್ಟಿ ಸಿಕ್ಕರೆ ಶನಿ ಅದರಲ್ಲಿ ತೇಲುತ್ತದೆ ಎಂಬ ಆ ಪ್ರಸಿದ್ಧ ಮಾತು. ಶನಿಯ ವ್ಯಾಸ ಸುಮಾರು 1,20,000 ಕಿಲೋಮೀಟರ್. ಅದು ಮುಳುಗುವಷ್ಟು ಆಳದ ತೊಟ್ಟಿಯನ್ನು ತುಂಬಿಸಿದರೆ ಆ ನೀರಿನ ದ್ರವ್ಯರಾಶಿ ಶನಿಯದನ್ನೇ ಮೀರುತ್ತದೆ, ಮತ್ತು ಅಷ್ಟು ನೀರು ತನ್ನದೇ ಗುರುತ್ವದಿಂದ ಗೋಳವಾಗುತ್ತದೆಯೇ ಹೊರತು ತೊಟ್ಟಿಯಲ್ಲಿ ಸುಮ್ಮನೆ ನಿಂತಿರುವುದಿಲ್ಲ. ತೇಲಬೇಕಾದರೆ ಕೆಳಗೆ, ಮೇಲೆ ಎಂಬ ದಿಕ್ಕುಗಳಿರಬೇಕು. ತೇಲುವ ವಸ್ತುವಿಗೆ ತನ್ನ ಆಕಾರವನ್ನು ಉಳಿಸಿಕೊಳ್ಳುವ ಗಟ್ಟಿ ಮೈ ಇರಬೇಕು. ಇಲ್ಲಿ ಎರಡೂ ಇಲ್ಲ. ನಡೆಯುವುದು ಎರಡು ಆಕಾಶಕಾಯಗಳ ಡಿಕ್ಕಿ: ಕಲ್ಲು, ಲೋಹಗಳಂಥ ಭಾರದ ವಸ್ತುಗಳು ನಡುವಿಗೆ ಇಳಿಯುತ್ತವೆ, ಹೈಡ್ರೋಜನ್ ಮತ್ತು ಹೀಲಿಯಂ ಹೊರಗಿನ ವಾತಾವರಣವಾಗಿ ಹರಡಿಕೊಳ್ಳುತ್ತವೆ. ಇದಕ್ಕೆ ತೇಲುವುದು ಎಂದು ಹೆಸರಿಡುವವರ ಜೊತೆ ವಾದಿಸುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಪ್ರಶ್ನೆಯ ಎರಡನೆಯ ಭಾಗ ನಿಜಕ್ಕೂ ಚೆನ್ನಾಗಿದೆ. ವಾಸ್ಪ್-193ಬಿ ಹಗುರವಲ್ಲ; ಅದರಲ್ಲಿ ಸುಮಾರು 44 ಭೂಮಿಗಳಷ್ಟು ದ್ರವ್ಯವಿದೆ. ಆದರೆ ಅದು ಗುರುಗ್ರಹಕ್ಕಿಂತ ಸುಮಾರು ಒಂದೂವರೆ ಪಟ್ಟು ಅಗಲವಾಗಿ ಹರಡಿಕೊಂಡಿರುವುದರಿಂದ, ಲೆಕ್ಕ ಹಾಕಿದರೆ, ಹೊರ ಅಂಚಿನಲ್ಲಿ ಗುರುತ್ವ ಭೂಮಿಯದರ ಆರನೇ ಒಂದು ಭಾಗ ಮಾತ್ರ, ಹೆಚ್ಚುಕಡಿಮೆ ಚಂದ್ರನ ಮೇಲಿರುವಷ್ಟೇ. ಚಂದ್ರನಿಗೆ ಗಾಳಿಯನ್ನು ಹಿಡಿದಿಟ್ಟುಕೊಳ್ಳಲಾಗಲಿಲ್ಲ, ಇದಕ್ಕೆ ಹೇಗೆ ಸಾಧ್ಯ? ಇಲ್ಲಿ ನೋಡಬೇಕಾದದ್ದು ವಿಮೋಚನಾ ವೇಗವನ್ನು. ಚಂದ್ರನಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ 2.4 ಕಿ.ಮೀ. ವೇಗ ಸಾಕು, ಭೂಮಿಯಿಂದಾದರೆ 11.2 ಬೇಕು, ಈ ಗ್ರಹದಿಂದ ಹೊರಬೀಳಲು ಸುಮಾರು 18 ಬೇಕಾಗುತ್ತದೆ. ಸೆಳೆತ ಮೆದುವಾದರೂ ಅದು ಬಹಳ ದೂರದವರೆಗೆ ಬಿಡದೆ ಎಳೆಯುತ್ತದೆ.

ಈ ಸಂಖ್ಯೆಗಳು ಬರುವುದು ಎರಡು ಬೇರೆ ಬೇರೆ ಅಳತೆಗಳಿಂದ. ಗ್ರಹ ತನ್ನ ನಕ್ಷತ್ರದ ಮುಂದೆ ಹಾಯ್ದಾಗ ಬೆಳಕು ಎಷ್ಟು ಕುಂದುತ್ತದೆ ಎಂಬುದರಿಂದ ಗಾತ್ರ ತಿಳಿಯುತ್ತದೆ. ಗ್ರಹದ ಎಳೆತಕ್ಕೆ ನಕ್ಷತ್ರ ಎಷ್ಟು ಓಲಾಡುತ್ತದೆ ಎಂಬುದರಿಂದ ದ್ರವ್ಯರಾಶಿ ತಿಳಿಯುತ್ತದೆ. ಇಲ್ಲಿ ಆ ಓಲಾಟ ಸೆಕೆಂಡಿಗೆ ಸುಮಾರು 15 ಮೀಟರ್ ಮಾತ್ರ. ನಮ್ಮಲ್ಲಿಯೂ ಈ ಕೆಲಸ ನಡೆಯುತ್ತದೆ: ಮೌಂಟ್ ಅಬುವಿನ ಗುರುಶಿಖರದಲ್ಲಿರುವ ಪಾರಸ್ ಎಂಬ ರೋಹಿತಮಾಪಕದಿಂದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ) 2021ರಲ್ಲಿ ಪತ್ತೆಯಾದ ಟಿಒಐ-1789ಬಿ ಎಂಬ ಗ್ರಹದ ಸಾಂದ್ರತೆ ಸುಮಾರು 0.28, ಅಂದರೆ ಶನಿಯದರ ಅರ್ಧಕ್ಕಿಂತ ಕಡಿಮೆ.

ಇಂಥ ಗ್ರಹಗಳು ಉಬ್ಬುವುದೇಕೆ? ಒಂದೇ ಉತ್ತರವಿಲ್ಲ. ನಕ್ಷತ್ರಕ್ಕೆ ತೀರ ಹತ್ತಿರವಿರುವ ಗ್ರಹಗಳ ಒಡಲಿಗೆ ಶಾಖ ಸೇರುತ್ತದೆ ಎಂಬುದು ಸಾಮಾನ್ಯ ವಿವರಣೆ. ವಾಸ್ಪ್-107ಬಿ ಎಂಬ ಇನ್ನೊಂದು ಗ್ರಹ ಅಷ್ಟು ಬಿಸಿಯಿಲ್ಲ, ಆದರೂ ಉಬ್ಬಿದೆ. ವೆಬ್ ದೂರದರ್ಶಕ ಅದರ ವಾತಾವರಣದಲ್ಲಿ ನಿರೀಕ್ಷೆಗಿಂತ ಬಹಳ ಕಡಿಮೆ ಮೀಥೇನ್ ಕಂಡಾಗ (ಹೆಚ್ಚು ಬಿಸಿಯಲ್ಲಿ ಮೀಥೇನ್ ಉಳಿಯುವುದಿಲ್ಲ), ಒಳಗಿನಿಂದ ಬಿಸಿ ಅನಿಲ ಮೇಲೇರುತ್ತಿದೆ ಎಂದು 2024ರಲ್ಲಿ ಖಗೋಳವಿಜ್ಞಾನಿಗಳು ತೀರ್ಮಾನಿಸಿದರು. ಕಕ್ಷೆ ತುಸು ಅಂಡಾಕಾರವಾಗಿರುವುದರಿಂದ ನಕ್ಷತ್ರದ ಸೆಳೆತ ಏರಿಳಿದು ಗ್ರಹವನ್ನು ಹಿಂಡುತ್ತಿದೆ. ಆ ಹಿಂಡುವಿಕೆಯೇ ಶಾಖದ ಮೂಲವಿರಬೇಕು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಗ್ರಹ ನಿಜಕ್ಕೂ ಉಬ್ಬಿದೆಯೆಂದು ನಂಬುವುದು ಹೇಗೆ? ಬೆಳಕನ್ನು ಮರೆಮಾಡಿದ್ದು ಗ್ರಹದ ಮೈಯೇ ಅಲ್ಲದಿರಬಹುದು. ಎಚ್‌ಐಪಿ 41378ಎಫ್ ಎಂಬ ಗ್ರಹದ ಸಾಂದ್ರತೆ 0.09ರ ಆಸುಪಾಸಿನಲ್ಲಿದೆ, ಅದಕ್ಕೆ ಶನಿಯಂಥ ಬಳೆಗಳಿದ್ದರೆ ಅದು ಇರುವುದಕ್ಕಿಂತ ದೊಡ್ಡದಾಗಿ ಕಂಡಿರಬಹುದೆಂದು ಕೆಲವರು ವಾದಿಸಿದ್ದಾರೆ. ಹಬಲ್ ದೂರದರ್ಶಕಕ್ಕೆ ಸಿಕ್ಕ ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು, ಯಾವ ಅನಿಲದ ಗುರುತಿನ ಏರಿಳಿತವೂ ಇಲ್ಲದೆ ಸಪಾಟಾಗಿತ್ತು. ಅದು ಬಳೆಗೂ ಹೊಂದುತ್ತದೆ, ದಟ್ಟ ಮಬ್ಬಿಗೂ ಹೊಂದುತ್ತದೆ. ಮತ್ತೆ ಪರೀಕ್ಷಿಸೋಣವೆಂದರೆ ಆ ಗ್ರಹ ನಕ್ಷತ್ರದ ಮುಂದೆ ಹಾಯುವುದು 542 ದಿನಗಳಿಗೊಮ್ಮೆ, ಅದೂ ಸುಮಾರು 19 ಗಂಟೆಗಳ ಕಾಲ. ನೆಲದ ಮೇಲಿನ ಯಾವುದೇ ಒಂದು ವೀಕ್ಷಣಾಲಯಕ್ಕೆ ಒಂದು ರಾತ್ರಿಯಲ್ಲಿ ಅದರ ಆದಿ, ಅಂತ್ಯ ಎರಡೂ ಸಿಗುವುದಿಲ್ಲ.