ಆಟ ಬರುವ ಮೊದಲೇ ದುಡ್ಡು ಕಟ್ಟಬಹುದೇ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಾವು ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದೇ ರೂಮಿನಲ್ಲಿದ್ದೇವೆ. ‘ವಿಚರ್ 4’ ಎಂಬ ವಿಡಿಯೋ ಗೇಮಿನ ಟ್ರೇಲರ್ ನೋಡಿದಾಗಿನಿಂದ ನಮ್ಮ ವಾದ ಮುಗಿದಿಲ್ಲ. ತೋರಿಸಿದಂತೆ ಆಟ ಇರುವುದೇ ಇಲ್ಲ ಎಂದು ಒಬ್ಬ ಹೇಳುತ್ತಾನೆ. ಬುಕಿಂಗ್ ಶುರುವಾದ ದಿನವೇ ದುಡ್ಡು ಕಟ್ಟುತ್ತೇನೆ ಎಂದು ಇನ್ನೊಬ್ಬ. ಇಂಥ ದೊಡ್ಡ ಓಪನ್ ವರ್ಲ್ಡ್ (ಆಟಗಾರ ಮನಬಂದಲ್ಲಿ ಅಲೆಯಬಹುದಾದ) ಆಟಗಳಿಗೆ ಮುಂಗಡ ಕಟ್ಟುವುದು ಸರಿಯೇ ಸರ್?

ಉತ್ತರ: ಕಟ್ಟಬೇಡಿ. ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ರೂಮಿನ ವಾದದಲ್ಲಿ ಎರಡು ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಟ್ರೇಲರಿನಂತೆ ಆಟ ಏಕೆ ಇರುವುದಿಲ್ಲ ಎಂಬುದು ತಂತ್ರಜ್ಞಾನದ ಪ್ರಶ್ನೆ, ಮುಂಗಡ ಕಟ್ಟಬೇಕೇ ಎಂಬುದು ವ್ಯವಹಾರದ ಪ್ರಶ್ನೆ. ಮೊದಲನೆಯದು ಬಿಡಿಸಿಕೊಂಡರೆ ಎರಡನೆಯದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನೀವು ನೋಡಿದ ಟ್ರೇಲರ್ 2024ರ ಡಿಸೆಂಬರ್‌ನಲ್ಲಿ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ಹೊರಬಂದದ್ದು. ಅದು ಯಾರೋ ಆಡುತ್ತಿರುವಾಗ ಹಿಡಿದ ದೃಶ್ಯವಲ್ಲ. ಅನ್‌ರಿಯಲ್ ಎಂಜಿನ್ 5 ಎಂಬ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ, ಆಗಿನ್ನೂ ಮಾರುಕಟ್ಟೆಗೆ ಬಾರದ ಗ್ರಾಫಿಕ್ಸ್ ಕಾರ್ಡಿನ ಬಲದಿಂದ, ಮೊದಲೇ ಸಿದ್ಧಪಡಿಸಿಟ್ಟ ಕಿರುಚಿತ್ರವೆಂದು ತಯಾರಕರಾದ ಸಿಡಿ ಪ್ರಾಜೆಕ್ಟ್ ರೆಡ್‌ನವರೇ ತಿಳಿಸಿದ್ದಾರೆ. 2025ರ ಜೂನ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ 5 ಕನ್ಸೋಲಿನ (ಟಿವಿಗೆ ಜೋಡಿಸಿ ಆಡುವ ಯಂತ್ರದ) ಮೇಲೆ ಓಡಿಸಿ ತೋರಿಸಿದ್ದು ಕೂಡ ತಂತ್ರಜ್ಞಾನದ ಪ್ರದರ್ಶನವೇ ಹೊರತು ಆಟದ ಭಾಗವಲ್ಲ ಎಂದು ಅವರೇ ಸ್ಪಷ್ಟಪಡಿಸಿದರು. 2026 ಮುಗಿಯುವುದರೊಳಗೆ ಆಟ ಬರುವುದಿಲ್ಲವೆಂದು ಕಂಪನಿಯು ಹೂಡಿಕೆದಾರರಿಗೆ ಹೇಳಿದೆ. ಅಷ್ಟರಲ್ಲೇ ಹಿಂದಿನ ಆಟಗಳ ನಾಯಕ ಗೆರಾಲ್ಟನನ್ನು ಬಿಟ್ಟು ಸಿರಿಯನ್ನು ನಾಯಕಿಯಾಗಿಸಿದ್ದು ಸರಿಯೇ, ಅವಳ ಮುಖ ಹಿಂದಿನ ಆಟದಲ್ಲಿದ್ದಂತೆ ಏಕಿಲ್ಲ ಎಂದು ಜಗತ್ತಿನಾದ್ಯಂತ ಚರ್ಚೆ ನಡೆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಕುಲಾವಿಯ ಬಣ್ಣ ಸರಿಯಿಲ್ಲವೆಂಬ ಜಗಳವೂ ಆಗಿಹೋಯಿತು.

ಟ್ರೇಲರಿಗೂ ಆಟಕ್ಕೂ ಅಂತರ ಬೀಳುವ ಕಾರಣವನ್ನು ಅರಿಯಲು ಒಂದು ಭಾನುವಾರ ಚಿತ್ರದುರ್ಗದ ಕೋಟೆಗೆ ಹೋಗಿ ಬಂದರೂ ಸಾಕು. ಗೈಡ್ ಜೊತೆ ಹೋದರೆ ಅವರು ಬಾಗಿಲುಗಳನ್ನು ದಾಟಿಸಿ, ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ ಎಂದು ತಮಗೆ ರೂಢಿಯಾದ ದಾರಿಯಲ್ಲೇ ಕರೆದೊಯ್ಯುತ್ತಾರೆ. ಆ ದಾರಿಯಷ್ಟನ್ನೇ ಗುಡಿಸಿಟ್ಟರೆ ಬಂದವರಿಗೆ ಇಡೀ ಕೋಟೆ ಚೊಕ್ಕಟವಾಗಿ ಕಾಣುತ್ತದೆ. ಆದರೆ ಗೈಡ್ ಇಲ್ಲದೆ ಬಂದ ಕಾಲೇಜು ಹುಡುಗರು ಯಾವ ಬಂಡೆ ಹತ್ತುತ್ತಾರೆ, ಯಾವ ಬತೇರಿಯ ಹಿಂದೆ ಇಣುಕುತ್ತಾರೆ, ಎಲ್ಲಿ ಕೂತು ಮಂಡಕ್ಕಿ ಪೊಟ್ಟಣ ಬಿಚ್ಚುತ್ತಾರೆ ಎಂದು ಯಾರೂ ಮೊದಲೇ ಹೇಳಲಾರರು. ಓಪನ್ ವರ್ಲ್ಡ್ ಆಟವನ್ನು ಕಟ್ಟುವವರು ಈ ಎರಡನೆಯ ಬಗೆಯ ಜನರಿಗಾಗಿ ಪ್ರತಿಯೊಂದು ಕಲ್ಲನ್ನೂ ಎಲ್ಲ ದಿಕ್ಕಿನಿಂದ, ಹಗಲು ರಾತ್ರಿ ಮಳೆ ಎನ್ನದೆ, ಸಿದ್ಧವಾಗಿಡಬೇಕು. ಪ್ರದರ್ಶನದಲ್ಲಿ ನಮಗೆ ತೋರಿಸುವುದು ಮಾತ್ರ ಗೈಡ್ ಹಿಡಿಸಿದ ದಾರಿ.

‘ವಿಚರ್ 3’ರಲ್ಲಿ ಆದದ್ದು ಇದೇ. 2013ರಲ್ಲಿ ತೋರಿಸಿದ ದೃಶ್ಯಗಳಲ್ಲಿದ್ದ ಬೆಳಕು, ಹೊಗೆ, ಗಿಡಮರಗಳ ಸೊಂಪು 2015ರ ಮೇ 19ರಂದು ಕೈಗೆ ಬಂದ ಆಟದಲ್ಲಿ ಅಷ್ಟರಮಟ್ಟಿಗೆ ಇಲ್ಲವೆಂದು ಅಭಿಮಾನಿಗಳು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ದೂರಿದರು. ಪ್ರದರ್ಶನಕ್ಕೆಂದು ಕಟ್ಟಿದ ತುಣುಕಿನಲ್ಲಿ ಚೆನ್ನಾಗಿ ಓಡಿದ್ದು ವಿಶಾಲ ಜಗತ್ತಿನೊಳಗೆ ಇಟ್ಟಾಗ ಓಡಲಿಲ್ಲ, ಹಾಗಾಗಿ ಬದಲಿಸಬೇಕಾಯಿತು ಎಂದು ಸಿಡಿ ಪ್ರಾಜೆಕ್ಟ್ ರೆಡ್‌ನವರು ಒಪ್ಪಿಕೊಂಡರು. ಅದರಲ್ಲಿ ಮೋಸದ ಉದ್ದೇಶವಿತ್ತೆಂದು ನನಗೆ ಅನ್ನಿಸುವುದಿಲ್ಲ. ಇಷ್ಟಾಗಿಯೂ ಆ ಆಟ ಅದರ ಬಗೆಯ ಅತ್ಯುತ್ತಮ ಆಟಗಳಲ್ಲಿ ಒಂದಾಗಿ ನಿಂತಿತು ಎಂಬುದನ್ನು ನಿಮ್ಮ ಸಂಶಯವಾದಿ ಗೆಳೆಯನಿಗೆ ಹೇಳಿ; ಟ್ರೇಲರಿನಂತೆ ಇಲ್ಲ ಎಂಬ ಮಾತಿಗೂ ಚೆನ್ನಾಗಿಲ್ಲ ಎಂಬ ಮಾತಿಗೂ ವ್ಯತ್ಯಾಸವಿದೆ.

ಅದೇ ಕಂಪನಿಯ ‘ಸೈಬರ್‌ಪಂಕ್ 2077’ರ ಕಥೆ ಬೇರೆ, ಮತ್ತು ನಿಮ್ಮ ಪ್ರಶ್ನೆಗೆ ಅದೇ ನೇರವಾದ ಉತ್ತರ. 2012ರಲ್ಲಿ ಘೋಷಣೆಯಾಗಿ, 2019ರಲ್ಲಿ ಹಾಲಿವುಡ್ ನಟ ಕಿಯಾನು ರೀವ್ಸ್ ವೇದಿಕೆಗೆ ಬಂದು ಬಿಡುಗಡೆಯ ದಿನ ಹೇಳಿದ ಮೇಲಂತೂ ನಿರೀಕ್ಷೆ ಮುಗಿಲು ಮುಟ್ಟಿತು. ಆದರೆ ಅವರು ಹೇಳಿದ 2020ರ ಏಪ್ರಿಲ್ 16 ಮೊದಲು ಸೆಪ್ಟೆಂಬರ್ 17ಕ್ಕೆ, ಆಮೇಲೆ ನವೆಂಬರ್ 19ಕ್ಕೆ, ಕೊನೆಗೆ ಡಿಸೆಂಬರ್ 10ಕ್ಕೆ ಸರಿಯಿತು. ಈ ಕೊನೆಯ ಮುಂದೂಡಿಕೆಗೆ ಮೂರು ವಾರ ಮೊದಲಷ್ಟೇ ಆಟ ‘ಗೋಲ್ಡ್’ ಆಗಿದೆ, ಅಂದರೆ ಡಿಸ್ಕಿಗೆ ಮುದ್ರಿಸುವಷ್ಟು ಸಿದ್ಧವಾಗಿದೆ, ಎಂದು ಪ್ರಕಟಿಸಲಾಗಿತ್ತು. ಇಷ್ಟೆಲ್ಲ ಆದರೂ ಬಿಡುಗಡೆಗೆ ಮೊದಲೇ ಹಣ ಕಟ್ಟಿದ್ದವರು 80 ಲಕ್ಷ ಮಂದಿ.

ಅವರಿಗೆ ಸಿಕ್ಕಿದ್ದೇನು? ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಪ್ರತಿ ಮಾತ್ರ; ತಾವು ಆಡಿದ ದೃಶ್ಯಗಳನ್ನು ಆ ಮೊದಲ ವಿಮರ್ಶೆಗಳಲ್ಲಿ ತೋರಿಸಲು ಅವರಿಗೆ ಅನುಮತಿಯೂ ಇರಲಿಲ್ಲ. ಹೀಗಾಗಿ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಆಟ ಹೇಗಿದೆ ಎಂಬುದು ದುಡ್ಡು ಕಟ್ಟಿದವರಿಗೆ ಗೊತ್ತಾದದ್ದು ಅದನ್ನು ತಮ್ಮ ಮನೆಯ ಟಿವಿಯಲ್ಲಿ ಹಚ್ಚಿದಾಗಲೇ. ರಸ್ತೆಗಳು ಖಾಲಿ, ಗೋಡೆಗಳು ಮಸುಕು, ಎದುರು ನಿಂತ ಮನುಷ್ಯನ ಮುಖ ಕೆಲವು ಸೆಕೆಂಡು ತಡವಾಗಿ ಮೂಡುವುದು. ಕಾರಣ ಸರಳವಾದದ್ದು. ಆಟ ನಡೆಯುವ ಅಷ್ಟು ದೊಡ್ಡ ನಗರ ಒಮ್ಮೆಲೇ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಆಟಗಾರ ಮುಂದೆ ಹೋದಂತೆ ಮುಂದಿನ ಬೀದಿಯನ್ನು ಡಿಸ್ಕಿನಿಂದ ತಂದು ಹಾಸಬೇಕು, ಹಿಂದಿನದನ್ನು ಸುತ್ತಿಡಬೇಕು. ಹಳೆಯ ಕನ್ಸೋಲಿನ ಹಾರ್ಡ್ ಡಿಸ್ಕಿಗೆ ಆ ವೇಗವಿಲ್ಲ. ಎಂಟು ದೋಸೆ ಹಿಡಿಸುವ ಕಾವಲಿಯ ಮುಂದೆ ಭಾನುವಾರ ಬೆಳಿಗ್ಗೆ ನಲವತ್ತು ಜನ ಒಟ್ಟಿಗೆ ಬಂದು ಕೂತರೆ, ದೋಸೆ ಹುಯ್ಯುವವರ ಕೈ ಎಷ್ಟೇ ಚುರುಕಾಗಿದ್ದರೂ ಕೆಲವರ ಮುಂದೆ ಚಟ್ನಿ ಆಲೂಗಡ್ಡೆ ಪಲ್ಯ ಮಾತ್ರ ಬಂದು ಕೂತಿರುತ್ತದಲ್ಲ, ಹಾಗೆ. ಹಳೆಯ ಕನ್ಸೋಲುಗಳಲ್ಲಿ ನಗರವನ್ನು ಹೀಗೆ ಹಾಸುವ ಕೆಲಸದ ಕಷ್ಟವನ್ನು ತಾವು ಕಡಿಮೆ ಅಂದಾಜು ಮಾಡಿದ್ದೆವೆಂದು ಕಂಪನಿಯ ಸಹಸ್ಥಾಪಕರು 2021ರ ಜನವರಿಯಲ್ಲಿ ವಿಡಿಯೋ ಮೂಲಕ ಕ್ಷಮೆ ಕೇಳಿದರು. ಅಷ್ಟರಲ್ಲಿ ಸೋನಿ ತನ್ನ ಅಂಗಡಿಯಿಂದ ಆ ಆಟವನ್ನೇ ತೆಗೆದುಹಾಕಿತ್ತು. ಅದು ಮರಳಿದ್ದು 2021ರ ಜೂನ್‌ನಲ್ಲಿ.

ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಇದರ ನಂತರದ ಭಾಗ. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಅಪ್‌ಡೇಟ್ ಆ ಆಟದ ಒಳಗನ್ನೇ ತಿದ್ದಿ ಕಟ್ಟಿತು, ಬೈದವರೇ ಮೆಚ್ಚಿದರು. ಕಾದವರು ಸುಧಾರಿಸಿದ ಆಟವನ್ನು ರಿಯಾಯಿತಿ ಬೆಲೆಗೆ ಆಡಿದರು. ಎಲ್ಲರಿಗಿಂತ ಮೊದಲು ನಂಬಿ ಪೂರ್ತಿ ದರ ಕೊಟ್ಟವರು ಅತ್ಯಂತ ಕೆಟ್ಟ ಪ್ರತಿಯನ್ನು ಆಡಿದರು. ತರಕಾರಿ ಮಾರುಕಟ್ಟೆಯಲ್ಲಿ ಬೆಳಿಗ್ಗೆಯೇ ಹೋದವನಿಗೆ ತಾಜಾ ಮಾಲು ಸಿಗುತ್ತದೆ. ಇಲ್ಲಿ ಆ ನಿಯಮ ತಿರುಗುಮುರುಗು.

ಹಾಗಾದರೆ ಮುಂಗಡ ಎಂಬ ಪದ್ಧತಿ ಏಕಿದೆ? ಆಟಗಳು ಡಿಸ್ಕಿನಲ್ಲಿ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು, ಅಂಗಡಿಗೆ ಬಂದದ್ದು ಹತ್ತೇ ಪ್ರತಿಯಾದರೆ ಹೆಸರು ಬರೆಸಿದವನಿಗೆ ಮೊದಲು. ನಾನೂ ಹಾಗೆ ಬರೆಸಿದವನೇ. ಹಲವು ವರ್ಷಗಳ ಹಿಂದೆ ಬೆಂಗಳೂರಿನ ಅಂಗಡಿಯೊಂದಕ್ಕೆ ಪೂರ್ತಿ ಹಣ ಕಳಿಸಿ, ದಾವಣಗೆರೆಯ ಮನೆಯಲ್ಲಿ ಬಿಡುಗಡೆಯ ದಿನವಿಡೀ ಕೊರಿಯರ್ ಹುಡುಗನ ಬೈಕಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಪೊಟ್ಟಣ ಬಂದದ್ದು ನಾಲ್ಕನೆಯ ದಿನ. ಡಿಸ್ಕ್ ಹಾಕಿದೊಡನೆ ಹದಿನೆಂಟು ಜಿಬಿ ಅಪ್‌ಡೇಟ್ ಇಳಿಸಿಕೊಳ್ಳುವಂತೆ ಕೇಳಿತು. ಆಗ ನನ್ನ ಬಳಿ ಇದ್ದದ್ದು ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಡೇಟಾ. ಹನ್ನೆರಡು ದಿನದ ಆ ಭಾಗಾಕಾರವನ್ನು ನನ್ನ ತಂಗಿ ಕ್ಯಾಲೆಂಡರಿನ ಮೇಲೆ ಬರೆದು ತೋರಿಸಿದಳು. ಅದೇ ಕೊನೆ, ಆಮೇಲೆ ಯಾವುದಕ್ಕೂ ಮುಂಗಡ ಕಟ್ಟಿಲ್ಲ.

ಈಗ ನೀವು ಕೊಳ್ಳುವುದು ಬಹುಪಾಲು ಡೌನ್‌ಲೋಡ್ ಪ್ರತಿ, ಅದು ಎಂದೂ ಖಾಲಿಯಾಗುವ ಸರಕಲ್ಲ. ಮುಂಗಡ ಕಟ್ಟಿದವರಿಗೆ ಕೊಡುವುದು ಆಟದೊಳಗೆ ನಾಯಕನಿಗೊಂದು ಬಣ್ಣದ ಕವಚ, ಕುದುರೆಗೊಂದು ಜೀನು, ಅಥವಾ ಬಿಡುಗಡೆಗೆ ಮುಂಚೆಯೇ ಆಟವನ್ನು ಇಳಿಸಿಟ್ಟುಕೊಳ್ಳುವ ಅವಕಾಶ. ಕೊನೆಯದು ಮಾತ್ರ ನಮ್ಮ ಕಡೆಯವರಿಗೆ ನಿಜವಾದ ಉಪಯೋಗ, ಏಕೆಂದರೆ ನೂರು ಜಿಬಿ ಇಳಿಸುವಷ್ಟರಲ್ಲಿ ಎರಡು ಸಲ ಕರೆಂಟ್ ಹೋಗಿರುತ್ತದೆ. ಆದರೂ ಅದಕ್ಕೆ ತಿಂಗಳುಗಟ್ಟಲೆ ಮೊದಲು ಹಣ ಸಿಕ್ಕಿಸಬೇಕಾಗಿಲ್ಲ, ವಿಮರ್ಶೆಗಳು ಬಂದ ಮೇಲೆ ಹಿಂದಿನ ದಿನ ಕಟ್ಟಿದರೂ ಸಾಕು. ಹೆಚ್ಚು ಹಣ ಕೊಟ್ಟವರಿಗೆ ಕೆಲವು ದಿನ ಮೊದಲೇ ಆಡಲು ಬಿಡುವ ಪದ್ಧತಿಯೂ ಬಂದಿದೆ. ‘ಸ್ಟಾರ್‌ಫೀಲ್ಡ್’ 2023ರ ಸೆಪ್ಟೆಂಬರ್ 6ಕ್ಕೆ ಬಿಡುಗಡೆಯಾದರೂ ದುಬಾರಿ ಆವೃತ್ತಿ ಕೊಂಡವರಿಗೆ 1ರಂದೇ ತೆರೆಯಿತು. ಇದನ್ನು ನಾನು ಸೌಲಭ್ಯ ಎನ್ನಲಾರೆ, ಉಳಿದವರನ್ನು ಐದು ದಿನ ಬಾಗಿಲ ಹೊರಗೆ ನಿಲ್ಲಿಸುವುದಕ್ಕೆ ಇಟ್ಟ ದರ ಅದು.

ಟ್ರೇಲರಿನ ವಾದದಲ್ಲಿ ರೂಮುಗಳಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆ ನಿಮ್ಮ ಲ್ಯಾಪ್‌ಟಾಪಿಗೆ ಸೇರಿದ್ದು. ‘ಸ್ಟಾರ್‌ಫೀಲ್ಡ್’ ಕನಿಷ್ಠವೆಂದು ಕೇಳಿದ್ದೇ 16 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹದಲ್ಲಿ) 125 ಜಿಬಿ ಜಾಗ. 512 ಜಿಬಿಯ ಲ್ಯಾಪ್‌ಟಾಪಿನಲ್ಲಿ ಕಾಲೇಜಿನ ಸಾಫ್ಟ್‌ವೇರ್, ಸಿನಿಮಾ, ಅಣ್ಣನ ಮದುವೆಯ ವಿಡಿಯೋ ಎಲ್ಲ ಕಳೆದರೆ ಉಳಿಯುವುದೆಷ್ಟು ಎಂದು ಇಂದೇ ನೋಡಿಕೊಳ್ಳಿ.

ನಂಬಿಕೆ ಉಳಿಸಿಕೊಂಡ ಆಟಗಳೂ ಇವೆ ಎಂಬುದನ್ನು ಮರೆಮಾಚುವುದಿಲ್ಲ. ‘ಎಲ್ಡನ್ ರಿಂಗ್’ 2019ರ ಜೂನ್‌ನಲ್ಲಿ ಘೋಷಣೆಯಾಗಿ ಸುಮಾರು ಎರಡು ವರ್ಷ ಸುದ್ದಿಯೇ ಇಲ್ಲದಾಗ, ಅಭಿಮಾನಿಗಳು ಬೇಸರ ಕಳೆಯಲು ಆಟದಲ್ಲಿ ಇಲ್ಲವೇ ಇಲ್ಲದ ವೀರರಿಗೆ ಹೆಸರಿಟ್ಟು, ಚರಿತ್ರೆ ಬರೆದು, ಅವರನ್ನು ಸೋಲಿಸುವ ಉಪಾಯಗಳನ್ನೂ ಗಂಭೀರವಾಗಿ ಚರ್ಚಿಸಿದರು. ಕಾಯುವುದರಲ್ಲೇ ಇಷ್ಟು ಸುಖವಿದೆಯಲ್ಲ ಎಂದು ನನಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಗಿತ್ತು, ಮತ್ತು ಆ ಸುಖಕ್ಕೆ ಯಾರೂ ಒಂದು ರೂಪಾಯಿ ಕಟ್ಟಿರಲಿಲ್ಲ. 2021ರ ನವೆಂಬರ್‌ನಲ್ಲಿ ತಯಾರಕರು ಆಯ್ದ ಆಟಗಾರರ ಕೈಗೇ ಆಟದ ಒಂದು ಭಾಗವನ್ನು ಕೊಟ್ಟು ಪರೀಕ್ಷಿಸಿದರು. 2022ರ ಫೆಬ್ರುವರಿ 25ರಂದು ಬಂದದ್ದು ಆ ಭಾಗಕ್ಕೆ ತಕ್ಕಂತೆಯೇ ಇತ್ತು. ಹಾಗಿದ್ದರೂ ಪಿಸಿಯಲ್ಲಿ ಆರಂಭದ ದಿನಗಳಲ್ಲಿ ಚಿತ್ರ ತಡವರಿಸುತ್ತಿತ್ತು.

ಬುಕಿಂಗ್ ದಿನವೇ ಕಟ್ಟುವೆನೆಂಬ ನಿಮ್ಮ ಗೆಳೆಯ ಮನಸ್ಸು ಬದಲಿಸದಿದ್ದರೆ ಪಿಸಿ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲೇ ಕಟ್ಟಲಿ. ಅಲ್ಲಿ ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ಮುಂಗಡ ವಾಪಸ್ ಪಡೆಯಬಹುದು. ಬಿಡುಗಡೆಯಾದ ಮೇಲೆ 14 ದಿನದೊಳಗೆ, ಆಡಿದ ಸಮಯ 2 ಗಂಟೆ ಮೀರದಿದ್ದರೆ, ಹಣ ಮರಳುತ್ತದೆ. ಬೇಗ ಆಡಲು ಬಿಡುವ ಆವೃತ್ತಿಯಾದರೆ ಆ ದಿನಗಳಲ್ಲಿ ಆಡಿದ್ದೂ ಈ 2 ಗಂಟೆಯ ಲೆಕ್ಕಕ್ಕೆ ಬರುತ್ತದೆ. ಇಂಥ ಆಟಗಳಲ್ಲಿ ಪಾತ್ರದ ಮೂಗು, ಕೂದಲು, ಗಾಯದ ಗುರುತು ಆರಿಸುವುದರಲ್ಲೇ ಒಂದು ಗಂಟೆ ಕಳೆದುಹೋಗುವುದುಂಟು, ಗಡಿಯಾರ ಆಗಲೂ ಓಡುತ್ತಿರುತ್ತದೆ. ಆದ್ದರಿಂದ ಮೊದಲ ದಿನ ಸಿಕ್ಕ ಮುಖವನ್ನೇ ಒಪ್ಪಿಕೊಂಡು ನೇರವಾಗಿ ಜನಜಂಗುಳಿಯ ಊರಿನೊಳಗೆ ಹೋಗಿ ಓಡಾಡಿ ನೋಡಲಿ. ಉಳಿದ ಮೂವರು ಅವನ ಹಿಂದೆ ನಿಂತು ನೋಡಿ.